ಹದಿನೆಂಟು ಮಾರು ಆಳದ ಹೊಟ್ಟೆಕಿಚ್ಚು

ಯಾರಾದರೂ ನನ್ನ ಎದುರಿಗೆ ನನ್ನ ಹೆಂಡತಿಯನ್ನು ಹೊಗಳಿದರೆ ನನಗೆ ಕೆಮ್ಮು ಬರುತ್ತದೆ. ದೊಡ್ಡ ಕೆಮ್ಮೇನಲ್ಲ. ಗಂಟಲಿನಲ್ಲಿ ಅವಲಕ್ಕಿಯ ಹುಡಿ ಸಿಕ್ಕಿಕೊಂಡ ಹಾಗೆ ಎರಡು ಸಲ ಕೆಮ್ಮಿ, ನೀರಿನ ಲೋಟಕ್ಕೆ ಕೈಚಾಚುವಷ್ಟು. ಊಟಕ್ಕೆ ಬಂದವರು “ಹುಳಿ ಅಂದ್ರೆ ಸರೋಜಮ್ಮನ ಹುಳಿ” ಅಂದರೆ ಸಾಕು, ಶುರುವಾಗುತ್ತದೆ. ಈಗ ವುಡ್‌ರಿಡ್ಜ್ ಎಂಬ ಊರಿನಲ್ಲಿರುವ ಡಾಕ್ಟರ್ ಪಾಟೀಲರು ಧಾರವಾಡದವರು, ನನ್ನ ಹಳೆಯ ಸ್ನೇಹಿತರು. ಒಂದು ಸಲ ಅವರ ಮನೆಗೆ ಹೋದಾಗ ಇದನ್ನು ಹೇಳಿಕೊಂಡೆ. ಎದೆಗೆ ಕೊಳವೆ ಇಟ್ಟು, ಬೆನ್ನಿಗೆ ಇಟ್ಟು, ಜೋರಾಗಿ ಉಸಿರೆಳೆಸಿ ನೋಡಿದರು.

“ಎದ್ಯಾಗ ಏನೂ ಇಲ್ರೀ ಮೂರ್ತಿಯವರ. ಇದು ಅಲ್ಲಿಂದ ಬರೂದಲ್ಲ, ಸ್ವಲ್ಪ ಕೆಳಗಿಂದ ಬರ್ತದ,” ಎಂದು ನನ್ನ ಹೊಟ್ಟೆಯ ಮೇಲೆ ಬೆರಳಿನಿಂದ ತಟ್ಟಿದರು. ಪಾಟೀಲರು ಒಳ್ಳೆಯ ಡಾಕ್ಟರು.

ಹೊಟ್ಟೆಕಿಚ್ಚು ಪಡುವುದಕ್ಕೆ ಲೋಕದಲ್ಲಿ ಗೌರವವಾದ ಕಾರಣಗಳು ಬೇಕಾದಷ್ಟಿವೆ. ಷಡ್ಡಕನ ಬಡ್ತಿ, ಪಕ್ಕದ ಮನೆಯವನ ಹೊಸ ಕಾರು, ಸಹಪಾಠಿಯ ಮಗನ ಮಾರ್ಕ್ಸು. ನನ್ನದು ಹಾಗಲ್ಲ. ಅಗ್ನಿಸಾಕ್ಷಿಯಾಗಿ ಕೈಹಿಡಿದ ಹೆಂಡತಿಯ ಮೇಲೆ. ಅದೂ ಒಂದು ಮೀನಿನ ವಿಷಯಕ್ಕೆ. ಅದೂ ನಮ್ಮ ಮನೆಯಲ್ಲಿ ಯಾರೂ ತಿನ್ನದ ಮೀನು. ನಮ್ಮಜ್ಜಿ ಇದ್ದಿದ್ದರೆ ಇದನ್ನು ಯಾವ ಜಾತಿಯ ಕಿಚ್ಚು ಅನ್ನುತ್ತಿದ್ದಳೋ. ಅವಳ ಲೆಕ್ಕದಲ್ಲಿ ಹೊಟ್ಟೆಕಿಚ್ಚಿನಲ್ಲಿ ಮೂರು ಬಗೆ. ತೆಂಗಿನಗರಿಯ ಕಿಚ್ಚು ಧಗ್ಗೆಂದು ಎದ್ದು ತಕ್ಷಣ ಆರುತ್ತದೆ. ಅಂಥವರ ಹತ್ತಿರ ಸಂಜೆಗೆ ಸಕ್ಕರೆ ಸಾಲ ಕೇಳಬಹುದು. ಬೆರಣಿಯ ಕಿಚ್ಚು ಹೊಗೆಯಾಡುತ್ತದೆ, ಎದುರು ಕೂತವರ ಕಣ್ಣಲ್ಲಿ ನೀರು ಬರಿಸುತ್ತದೆ. ಮೂರನೆಯದು ಭತ್ತದ ಹೊಟ್ಟಿನ ಕಿಚ್ಚು. ಮೇಲೆ ನೋಡಿದರೆ ಬರೀ ಬೂದಿ. ಕಾಲಿಟ್ಟವನಿಗೇ ಗೊತ್ತು ಒಳಗೇನಿದೆ ಎಂದು. ನಾನು ಈ ಮೂರನೆಯ ವರ್ಗದವನು. ಮುಖದಲ್ಲಿ ಬೂದಿಯಷ್ಟೇ ಕಾಣಿಸುತ್ತದೆ.

ಎಪ್ಪತ್ತರ ದಶಕದ ಮಾತು. ನಾನು ಡೆಟ್ರಾಯಿಟ್ ಹತ್ತಿರದ ಒಂದು ಸಣ್ಣ ಟೂಲ್ ಶಾಪಿನಲ್ಲಿ ನಕ್ಷೆ ಬರೆಯುವ ಕೆಲಸದಲ್ಲಿದ್ದೆ. ಮೈಸೂರಿನಲ್ಲಿ ಎಂಜಿನಿಯರ್ ಎನ್ನಿಸಿಕೊಂಡವನು ಅಲ್ಲಿ ‘ಆ ಇಂಡಿಯಾದ ಹುಡುಗ’ ಆಗಿದ್ದೆ. ಯಾರೂ ಕೆಟ್ಟವರಲ್ಲ. ಬೆಳಿಗ್ಗೆ ನಕ್ಕು ಮಾತಾಡಿಸುವರು, ಸಂಜೆ ಕೈ ಬೀಸುವರು. ಮಧ್ಯಾಹ್ನದ ಊಟದ ಮೇಜಿನಲ್ಲಿ ಮಾತ್ರ ನನ್ನ ಎರಡೂ ಪಕ್ಕದ ಕುರ್ಚಿಗಳು ಖಾಲಿ ಉಳಿಯುತ್ತಿದ್ದವು. ಒಂದು ದಿನ ಆ ಖಾಲಿ ಕುರ್ಚಿಯಲ್ಲಿ ಟಾಯ್ವೋ ಬಂದು ಕೂತ. ಫಿನ್ಲೆಂಡಿನಿಂದ ಬಂದವರ ಮಗ, ಅರವತ್ತರ ಹತ್ತಿರದ ಒಂಟಿ ಮನುಷ್ಯ, ಶಾಪಿನಲ್ಲೆಲ್ಲ ಕೈಚಳಕಕ್ಕೆ ಹೆಸರಾದವನು. ಒಂದು ವಾರಕ್ಕೆ ಹತ್ತು ಮಾತು ಆಡಿದರೆ ಅದೇ ಹಬ್ಬ. ನನ್ನ ಡಬ್ಬಿಯ ಮೊಸರನ್ನ ನೋಡಿ, ಬಗ್ಗಿ ಮೂಸಿ, “ಹುಳಿ ಹಾಲು?” ಎಂದ. (ಅವನ ಇಂಗ್ಲಿಷನ್ನು ಕನ್ನಡದಲ್ಲೇ ಹೇಳುತ್ತೇನೆ.) ಹೌದೆಂದೆ. “ನಮ್ಮಮ್ಮ ಮಾಡುತ್ತಿದ್ದಳು. ಅಟ್ಟದ ಮೇಲೆ ಬಟ್ಟಲಲ್ಲಿ ಇಡುತ್ತಿದ್ದಳು,” ಎಂದ. ಆ ವಾರದ ಅಷ್ಟೂ ಮಾತು ನನ್ನ ಪಾಲಿಗೆ ಬಂದಿತ್ತು. ಶುಕ್ರವಾರ ಇನ್ನೂ ಒಂದು ಸೇರಿಸಿದ: “ನಾಳೆ ಮೀನಿಗೆ ಹೋಗುತ್ತೇನೆ. ಬರುತ್ತೀಯಾ?”

ನಾನು ತಿನ್ನುವುದಿಲ್ಲ ಎಂದೆ. “ತಿನ್ನುವುದಕ್ಕೆ ಕರೆಯಲಿಲ್ಲ,” ಎಂದ.

ಹೀಗೆ ನಾನು ನೂರೆಪ್ಪತ್ತು ಮೈಲಿ ಉತ್ತರಕ್ಕೆ, ಹಿಗ್ಗಿನ್ಸ್ ಸರೋವರಕ್ಕೆ ಹೋಗತೊಡಗಿದೆ. ಜನವರಿಯಿಂದ ಮಾರ್ಚ್‌ವರೆಗೆ ಆ ಸರೋವರ ಒಂದು ಹೆಪ್ಪುಗಟ್ಟಿದ ಬಯಲು. ಅದರ ಮೇಲೆ ಲಾರಿಗಳು ಓಡಾಡುತ್ತಿದ್ದವು, ನಾಯಿಗಳು ಓಡುತ್ತಿದ್ದವು, ನಾನೊಬ್ಬ ಮಾತ್ರ ಮೊಟ್ಟೆಯ ಮೇಲೆ ನಡೆಯುವವನಂತೆ ನಡೆಯುತ್ತಿದ್ದೆ. ದಡದಿಂದ ಅರ್ಧ ಮೈಲಿ ದೂರದಲ್ಲಿ ಟಾಯ್ವೋನ ಹಲಗೆಯ ಗೂಡು. ಒಳಗೆ ಒಂದು ಪುಟ್ಟ ಕಟ್ಟಿಗೆ ಒಲೆ, ಎರಡು ಮೋಟು ಸ್ಟೂಲು, ನೆಲದ ಐಸಿನಲ್ಲಿ ಕೊರೆದ ಎರಡು ತೂತು. ಬಾಗಿಲು ಮುಚ್ಚಿದರೆ ಒಳಗೆ ಕತ್ತಲು, ಬೆಳಕು ಬರುವುದು ಕೆಳಗಿನಿಂದ. ಎರಡು ತೂತುಗಳಿಂದ ಹಸಿರು ಬೆಳಕು ಮೇಲೆದ್ದು ನಮ್ಮ ಗದ್ದಕ್ಕೆ ಬೀಳುತ್ತಿತ್ತು.

ಲೇಕ್ ಟ್ರೌಟ್ ಎಂಬ ಆ ಮೀನು ದಡದ ಹತ್ತಿರ ಸುಳಿಯುವ ಜಾತಿಯಲ್ಲ. ನೂರು ಅಡಿ ಕೆಳಗೆ, ಬೆಳಕು ಮುಗಿಯುವಲ್ಲಿ, ನೆಲಕ್ಕೆ ಹತ್ತಿಕೊಂಡು ಇರುತ್ತದೆ. ಗಾಳದ ಕೋಲು ಗೀಲು ಇಲ್ಲ. ಗೇಣುದ್ದದ ಎರಡು ಮರದ ತುಂಡಿಗೆ ಸುತ್ತಿದ ದಾರ, ಅದರ ತುದಿಗೆ ಭಾರವಾದ, ಬೆಳ್ಳಿಯ ಹಾಗೆ ಹೊಳೆಯುವ ಲೋಹದ ಮೀನು, ಅದರ ಬಾಲಕ್ಕೆ ಕೊಕ್ಕೆ. ದಾರ ಬಿಡುತ್ತಾ ಹೋಗಬೇಕು, ಕೆಳಗೆ ತಾಕಿದ ಮೇಲೆ ಸ್ವಲ್ಪ ಎತ್ತಿ ಕುಣಿಸಬೇಕು. ಕಣ್ಣಿಗೆ ಅಲ್ಲಿ ಕೆಲಸವಿಲ್ಲ. ಎಲ್ಲಾ ಬೆರಳಿಗೆ.

ಎರಡು ಚಳಿಗಾಲ ಹೋದೆ. ಒಂದು ಮೀನೂ ನನ್ನ ದಾರ ಮುಟ್ಟಲಿಲ್ಲ. ಟಾಯ್ವೋ ಹಿಡಿಯುತ್ತಿದ್ದ, ನಾನು ನೋಡುತ್ತಿದ್ದೆ. ನನಗೆ ಅದರಿಂದ ಕಿಂಚಿತ್ತೂ ಬೇಸರವಿರಲಿಲ್ಲ. ಆ ಗೂಡಿನಲ್ಲಿ ಟಾಯ್ವೋ ಮಾತಾಡುತ್ತಿದ್ದ. ಗಣಿಯಲ್ಲಿ ಸವೆದ ಅಪ್ಪನ ವಿಷಯ, ಬಿಟ್ಟುಹೋದ ಹೆಂಡತಿಯ ವಿಷಯ, ಶಾಪಿನಲ್ಲಿ ಯಾರಿಗೂ ಹೇಳದ್ದು. “ನಿನಗೆ ತಾಳ್ಮೆ ಇದೆ,” ಎಂದು ಒಂದು ಸಲ ಹೇಳಿದ. ಆ ಒಂದು ವಾಕ್ಯವನ್ನು ನಾನು ಮೈಸೂರಿನ ಮನೆಯವರಿಗೆ ಕಾಗದದಲ್ಲಿ ಬರೆದೆ. ಇಷ್ಟು ದೊಡ್ಡ ದೇಶದಲ್ಲಿ ಶನಿವಾರ ಬೆಳಗಿನ ಜಾವ ನನ್ನ ಮನೆಯ ಮುಂದೆ ಗಾಡಿ ನಿಲ್ಲಿಸಿ ನನಗಾಗಿ ಕಾಯುವ ಒಬ್ಬ ಮನುಷ್ಯನಿದ್ದ. ಎರಡನೆಯ ಸ್ಟೂಲು ನನ್ನದಾಗಿತ್ತು.

ಕನ್ನಡದವರು ಸೇರಿದಲ್ಲೆಲ್ಲ ನನಗೆ ಇದರಿಂದ ಹೆಸರೂ ಬಂದಿತ್ತು. ಆಗಿನ್ನೂ ಡೆಟ್ರಾಯಿಟ್ಟಿನಲ್ಲೇ ಇದ್ದ ಪಾಟೀಲರು ಬಿಡುತ್ತಿರಲಿಲ್ಲ. “ಏನ್ರೀ ಮೂರ್ತಿಯವರ, ಎರಡ ವರ್ಷ ಆತು. ಮೀನ ನಿಮ್ಮ ಗೋತ್ರ ಕೇಳಿ ಹೊಳ್ಳಿ ಹೊಕ್ಕಾವೇನ್ರಿ?” ಎಲ್ಲರೂ ನಗುವರು. ನಾನೂ ನಗುವೆ. ಅದು ಹೊಟ್ಟೆ ತಣ್ಣಗಿದ್ದ ಕಾಲ.

ಮೂರನೆಯ ಚಳಿಗಾಲದ ಫೆಬ್ರವರಿಯಲ್ಲಿ ಸರೋಜ, “ನಾನೂ ಬರ್ತೀನಿ,” ಎಂದಳು. ಆಗ ನಾವು ಫಾರ್ಮಿಂಗ್ಟನ್ ಹಿಲ್ಸ್‌ನಲ್ಲಿ ಮನೆ ಮಾಡಿದ್ದೆವು. ಡ್ರೈವ್ ಮಾಡಲು ಬಾರದವರಿಗೆ ಅಲ್ಲಿ ಮನೆಯೇ ಊರು.

“ಚಳಿ ತಡೆಯೋಕಾಗಲ್ಲ ನಿನಗೆ. ಸೊನ್ನೆಗಿಂತ ಕೆಳಗಿರುತ್ತೆ.”

“ಇಲ್ಲೇನು ಬೇಸಿಗೇನಾ? ವಾರವೆಲ್ಲಾ ಕಿಟಕಿ ಹತ್ರ ನಿಂತು ಹಿಮ ಗುಡಿಸೋ ಲಾರಿ ನೋಡ್ತೀನಿ. ಅದರ ಡ್ರೈವರ್ ಮುಖ ನಿಮ್ಮ ಮುಖಕ್ಕಿಂತ ಚೆನ್ನಾಗಿ ಗುರುತು ಸಿಗುತ್ತೆ ಈಗ.”

ಸೀರೆಯ ಮೇಲೆ ಎರಡು ಸ್ವೆಟರು, ಅದರ ಮೇಲೆ ನನ್ನ ಹಳೆಯ ಕೋಟು, ತಲೆಗೆ ಉಣ್ಣೆಯ ಶಾಲು ಬಿಗಿದು ಹೊರಟಳು. ಗೂಡಿನಲ್ಲಿ ಅವಳಿಗೆ ಒಂದು ಬಕೀಟು ಬೋರಲು ಹಾಕಿ ಕೂರಿಸಿದೆವು. ಬಾಗಿಲು ಮುಚ್ಚಿ ಹಸಿರು ಬೆಳಕು ಏಳುತ್ತಲೇ ಅವಳು ಬಗ್ಗಿ ನೋಡಿ, “ಅಯ್ಯೋ, ಬಾವಿ!” ಎಂದಳು. “ಎಷ್ಟು ಮಾರು ಆಳ ಇದೆ ಕೇಳ್ರೀ.”

ಮಾರಿಗೆ ಇಂಗ್ಲಿಷಿನಲ್ಲಿ ಏನೆನ್ನುವುದೆಂದು ನಾನು ತಡವರಿಸುತ್ತಿದ್ದಾಗ ಅವಳೇ ಎರಡೂ ಕೈ ಅಗಲಿಸಿ ತೋರಿಸಿದಳು. ಟಾಯ್ವೋನ ಹುಬ್ಬು ಮೇಲೇರಿತು. ಅವನೂ ಕೈ ಅಗಲಿಸಿದ. “ನಮ್ಮಪ್ಪ ಹೀಗೇ ಅಳೆಯುತ್ತಿದ್ದ! ಹದಿನೆಂಟು.” ಎರಡು ವರ್ಷದಿಂದ ನಾನು ಅಡಿಯನ್ನು ಮೀಟರಿಗೆ ತಿರುಗಿಸಿಕೊಂಡು ಕೂತಿದ್ದೆ. ಆ ಪುಟ್ಟ ಗೂಡಿನಲ್ಲಿ ಇಬ್ಬರು ಕೈ ಅಗಲಿಸಿಕೊಂಡು ನಗುತ್ತಿದ್ದರೆ, ಅವರ ಬೆರಳುಗಳು ತಾಗದಂತೆ ನಾನು ಮೂಲೆಗೆ ಒತ್ತಿಕೊಂಡೆ.

ಇಲ್ಲಿ ಸರೋಜನ ತೌರಿನ ವಿಷಯ ಹೇಳಬೇಕು. ಅವಳದು ಮಾಲೂರಿನ ಕಡೆ. ಅಲ್ಲಿಯ ಬಾವಿಗಳಿಗೆ ತಳವೇ ಇಲ್ಲ ಎನ್ನುವಷ್ಟು ಆಳ. ಹಗ್ಗ ಕಳಚಿ ಕೊಡ ಬಿದ್ದರೆ ಎತ್ತುವುದಕ್ಕೆ ಪಾತಾಳಗರಡಿ ಬೇಕು. ಕಬ್ಬಿಣದ ಬಳೆಗೆ ಹತ್ತಾರು ಕೊಕ್ಕೆಗಳನ್ನು ತೂಗುಬಿಟ್ಟ ಆ ಸಾಧನವನ್ನು ನೀವು ನಿಮ್ಮ ಅಜ್ಜಿಯ ಮನೆಯಲ್ಲಿ ಕಂಡಿರಬಹುದು. ಹಗ್ಗಕ್ಕೆ ಕಟ್ಟಿ ಇಳಿಬಿಟ್ಟು, ಕಾಣದ ನೀರಿನಲ್ಲಿ ಕೊಡದ ಕಂಠ ಹುಡುಕಬೇಕು. ಬೀದಿಗೊಂದು ಮನೆಯಲ್ಲಿ ಮಾತ್ರ ಇರುತ್ತಿತ್ತು. ಒಂದು ಚೊಂಬನ್ನು ಒತ್ತೆಯಿಟ್ಟೇ ತೆಗೆದುಕೊಂಡು ಹೋಗಬೇಕು, ಬರಿಗೈಯಲ್ಲಿ ಕೇಳಿದರೆ ಕೊಡುತ್ತಿರಲಿಲ್ಲ. ಗರಡಿ ಎಲ್ಲರಿಗೂ ಸಿಗುತ್ತಿತ್ತು, ಕೈ ಎಲ್ಲರಿಗೂ ಇರುತ್ತಿರಲಿಲ್ಲ. ಗಂಡಸರು ಗಂಟೆಗಟ್ಟಲೆ ಜಾಲಾಡಿ ಸೋತ ಮೇಲೆ “ಸರೋಜನ್ನ ಕರೀರಿ” ಎನ್ನುತ್ತಿದ್ದರಂತೆ. ಇದನ್ನು ಮದುವೆಯಾದ ಹೊಸದರಲ್ಲಿ ಅವಳು ಹೇಳಿದ್ದಳು. ನಾನು ಕೇಳಿ ಮರೆತಿದ್ದೆ. ಗಂಡಂದಿರು ಕೇಳುವ ರೀತಿಯಲ್ಲಿ ಕೇಳಿದ್ದೆ.

ಅರ್ಧ ಗಂಟೆ ನನ್ನ ಕೈಯನ್ನೇ ನೋಡುತ್ತಾ ಕೂತವಳು ತಡೆಯಲಾರದೆ, “ಅದ್ಯಾಕ್ರೀ ಹಾಗೆ ಒದರ್ತೀರಿ, ಜಮಖಾನ ಕೊಡವಿದ ಹಾಗೆ? ಕೊಡಿ ಇಲ್ಲಿ,” ಎಂದು ದಾರ ಕಸಿದುಕೊಂಡಳು. ಕೈಗವಸು ತೆಗೆದಳು. ದಾರವನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಇಟ್ಟು ಕಣ್ಣು ಮುಚ್ಚಿದಳು. “ಕೆಸರು,” ಎಂದಳು. ಗೇಣು ಎತ್ತಿ, ಪಕ್ಕಕ್ಕೆ ಸರಿಸಿ, ಮತ್ತೆ ಇಳಿಸಿ, “ಈಗ ಕಲ್ಲು,” ಎಂದಳು. ನಾನು ಅನುವಾದಿಸಿದೆ. ಟಾಯ್ವೋ ತನ್ನ ದಾರ ಬಿಟ್ಟು ಅವಳ ಕಡೆ ತಿರುಗಿ ಕೂತ. ಅವನು ಹಾಗೆ ತಿರುಗಿದ್ದನ್ನು ನಾನು ಎರಡು ವರ್ಷದಲ್ಲಿ ನೋಡಿರಲಿಲ್ಲ.

“ಏನೋ ಮುಟ್ಟಿತು ರೀ.”

“ಕಲ್ಲಿರಬೇಕು,” ಎಂದೆ.

“ಕಲ್ಲು ಮುಟ್ಟಿ ನೋಡಿ ಹಿಂದೆ ಸರಿಯುತ್ತಾ?” ಎಂದವಳು ಕೈಯನ್ನು ಒಮ್ಮೆ, ಒಂದೇ ಒಮ್ಮೆ, ಮೇಲಕ್ಕೆ ಎಳೆದಳು. “ಸಿಕ್ತು! ಅಯ್ಯಯ್ಯೋ, ಇದು ವಾಪಸ್ ಎಳೀತಿದೆ ರೀ!”

ಆಮೇಲೆ ಬಾವಿಯಿಂದ ಸೇದುವುದೇ. ಒಂದು ಕೈ, ಇನ್ನೊಂದು ಕೈ, ಅದು ಎಳೆದಾಗ ಬಿಟ್ಟು, ಸೋತಾಗ ಸೇದಿ. ಒದ್ದೆ ದಾರ ಅವಳ ಕಾಲ ಬಳಿ ಸುರುಳಿ ಬೀಳುತ್ತಾ ಹೋಯಿತು. ಮೊದಲು ತೂತಿನಲ್ಲಿ ಗುಳ್ಳೆಗಳು ಎದ್ದವು. ಆಳದ ಈ ಮೀನು ಮೇಲೆ ಬರುತ್ತಾ ಹೊಟ್ಟೆಯ ಗಾಳಿಯನ್ನು ಕಕ್ಕುತ್ತದೆ. ಗುಳ್ಳೆ ಬಂದ ಮೇಲೆ ಮೀನು. ತಲೆ ಕಾಣಿಸಿತು. ಬೂದುಬಣ್ಣದ ಮೈತುಂಬ ಹೆಸರುಬೇಳೆ ಚೆಲ್ಲಿದಂತೆ ಚುಕ್ಕೆ. ನನ್ನ ತೋಳಿನಷ್ಟು ಉದ್ದ. ಟಾಯ್ವೋ ಕೈಹಾಕಿ ಎತ್ತಿ, “ಈ ಸರೋವರದಲ್ಲಿ ನನಗೂ ಇಷ್ಟು ದೊಡ್ಡದು ಸಿಕ್ಕಿಲ್ಲ,” ಎಂದ.

“ಉಸಿರಾಡ್ತಿದೆ ರೀ. ಬಿಡೋಕೆ ಹೇಳಿ, ಬೇಗ!” ಎಂದಳು ಸರೋಜ.

ಟಾಯ್ವೋ ನನ್ನನ್ನು ನೋಡಿದ, ಅವಳನ್ನು ನೋಡಿದ. “ಅವಳ ಮೀನು, ಅವಳ ಮಾತು,” ಎಂದು ಕೊಕ್ಕೆ ಬಿಡಿಸಿ, ತಲೆ ಕೆಳಗೆ ಮಾಡಿ ತೂತಿನಲ್ಲಿ ಬಿಟ್ಟ. ಬಾಲ ಒಮ್ಮೆ ಹೊರಳಿ ಹಸಿರಿನಲ್ಲಿ ಮರೆಯಾಯಿತು. ಸರೋಜ ಕೈ ಒರೆಸಿಕೊಂಡು, “ಹೂಂ, ಇನ್ನೊಂದು ಸಲ ಬಿಡಲಾ?” ಎಂದು ಮತ್ತೆ ದಾರ ಹಿಡಿದಳು. ಅವಳಿಗೆ ಮೀನು ಬೇಕಿರಲಿಲ್ಲ. ಆ ಮುಟ್ಟುವುದು ಬೇಕಿತ್ತು.

ವಾಪಸು ಬರುವಾಗ ಹೀಟರಿನ ನೆಪದಲ್ಲಿ ಅವಳನ್ನು ಮುಂದಿನ ಸೀಟಿನಲ್ಲಿ ಕೂರಿಸಿದ. ಹಿಂದೆ ನಾನು, ನನ್ನ ಮಡಿಲಲ್ಲಿ ಐಸ್ ಕೊರೆಯುವ ಬೈರಿಗೆ. ಮೂರು ಗಂಟೆ ದಾರಿಯಲ್ಲಿ ಟಾಯ್ವೋ ಅವಳಿಗೆ ಅಪ್ಪನ ಗಣಿಯ ಕಥೆ ಹೇಳಿದ. ನನಗೆ ಅದನ್ನು ಹೇಳುವುದಕ್ಕೆ ಅವನು ಒಂದು ಇಡೀ ಚಳಿಗಾಲ ತೆಗೆದುಕೊಂಡಿದ್ದ! ಸೋಮವಾರ ಊಟದ ಮೇಜಿನಲ್ಲಿ, ನನ್ನ ಪಕ್ಕದ ಕುರ್ಚಿಯಲ್ಲಿ ಕೂತು, ಇಡೀ ಶಾಪಿಗೆ ಮಿಸೆಸ್ ಮೂರ್ತಿಯ ಬೆರಳಿನ ವರ್ಣನೆ ಮಾಡಿದ. ಅವತ್ತೇ ನನಗೆ ಮೊದಲ ಸಲ ಕೆಮ್ಮು ಬಂದದ್ದು.

ಬುಧವಾರ ಕೇಳಿದ: “ಶನಿವಾರ ಅವಳು ಬರುತ್ತಾಳಲ್ಲ?” ‘ಬರುತ್ತೀಯಲ್ಲ’ ಎಂದಲ್ಲ, ‘ಬರುತ್ತಾಳಲ್ಲ’ ಎಂದು.

ಮುಂದಿನದನ್ನು ಬರೆಯಲು ಇಷ್ಟು ವರ್ಷದ ಮೇಲೂ ಕೈ ಹಿಂಜರಿಯುತ್ತದೆ. ನಾನು ಬಹಳ ಗಂಭೀರವಾಗಿ, “ಟಾಯ್ವೋ, ನಮ್ಮ ಧರ್ಮದಲ್ಲಿ ಒಂದು ವ್ರತವಿದೆ,” ಎಂದೆ. ಅದಕ್ಕೆ ಅಲ್ಲೇ ನಿಂತು ಮತ್ಸ್ಯವ್ರತ ಎಂದು ನಾಮಕರಣವನ್ನೂ ಮಾಡಿದೆ. ಮೀನನ್ನು ಹಿಡಿದು ಜೀವಂತವಾಗಿ ನೀರಿಗೆ ಬಿಟ್ಟ ಹೆಂಗಸು ಒಂದು ವರ್ಷ ಆಕಾಶದ ಕೆಳಗಿರುವ ನೀರನ್ನು ಮುಟ್ಟಬಾರದು. ಮನೆಯೊಳಗಿನ ನೀರಿಗೆ ದೋಷವಿಲ್ಲ. ಕೆರೆ, ಹೊಳೆ, ಸರೋವರ ಯಾವುದೂ ಕೂಡದು. ಹೊರಗಿನವರಿಗೆ ನಮ್ಮ ಧರ್ಮದ ಬಗ್ಗೆ ಏನು ಹೇಳಿದರೂ ನಡೆಯುತ್ತಿದ್ದ ಕಾಲ. ಟಾಯ್ವೋ ನಂಬಿದ. ನಂಬಿ ತಲೆ ತಗ್ಗಿಸಿ, “ನನಗೆ ಗೊತ್ತಿರಲಿಲ್ಲ. ನನ್ನಿಂದ ಅವಳಿಗೆ ಕಷ್ಟವಾಯಿತು,” ಎಂದ.

ಮನೆಗೆ ಬಂದು ಸರೋಜನಿಗೆ ಇನ್ನೊಂದು ಹೇಳಿದೆ. ಗೂಡು ಚಿಕ್ಕದು, ಮೂವರ ಉಸಿರಿಗೆ ಗೋಡೆಯೆಲ್ಲಾ ಹಿಮ ಕಟ್ಟುತ್ತದೆ, ಟಾಯ್ವೋ ಸ್ವಲ್ಪ ಹಳೇ ಕಾಲದ ಮನುಷ್ಯ, ಹೆಂಗಸರು ಬಂದರೆ ಸಂಕೋಚ ಅವನಿಗೆ.

“ಹಾಗಂದ್ರಾ?” ಎಂದಳು. ಅಷ್ಟೇ. ಶನಿವಾರಕ್ಕೆಂದು ಒಣಗಹಾಕಿದ್ದ ಉಣ್ಣೆಯ ಶಾಲನ್ನು ಮಡಿಸಿ ಪೆಟ್ಟಿಗೆಯಲ್ಲಿಟ್ಟಳು. ಆದರೆ ಪ್ರತಿ ಶನಿವಾರ ಟಾಯ್ವೋನ ಪಾಲಿನ ಕೋಡುಬಳೆಯನ್ನು ಬೇರೆ ಡಬ್ಬಿಯಲ್ಲಿ ಹಾಕಿಕೊಡುವುದನ್ನು ನಿಲ್ಲಿಸಲಿಲ್ಲ.

ಉಳಿದ ಶನಿವಾರಗಳಲ್ಲಿ ನಾನು ನನ್ನ ಸ್ಟೂಲಿನ ಮೇಲೆ ಕೂತು, ಕೈಗವಸು ತೆಗೆದು, ಕಣ್ಣು ಮುಚ್ಚಿ, ಹೆಬ್ಬೆರಳು ತೋರುಬೆರಳಿನ ನಡುವೆ ದಾರ ಹಿಡಿದೆ. ಬೆರಳು ಮರಗಟ್ಟಿತು. ಕೆಸರೂ ತಿಳಿಯಲಿಲ್ಲ, ಕಲ್ಲೂ ತಿಳಿಯಲಿಲ್ಲ. ಎದುರಿಗೆ ಟಾಯ್ವೋ ಕೋಡುಬಳೆ ಕಡಿಯುತ್ತಾ ವ್ರತದ ಬಗ್ಗೆಯೇ ಕೇಳುತ್ತಿದ್ದ. ಮಳೆ ಬಂದರೆ ಅವಳು ಹೊರಗೆ ಬರಬಹುದೇ? ಹಿಮ ನೀರಿನ ಲೆಕ್ಕವೇ? ನಾನು ಒಂದೊಂದಕ್ಕೂ ಉತ್ತರ ಕಟ್ಟುತ್ತಾ ಹೋದೆ. ಹೆಂಡತಿಯನ್ನು ಗೂಡಿನಿಂದ ಹೊರಗೆ ಹಾಕಿದ್ದೆ, ಆದರೆ ಗೂಡಿನಲ್ಲಿ ಅವಳ ಮಾತು ಬಿಟ್ಟು ಬೇರೆ ಮಾತಿರಲಿಲ್ಲ.

ಜುಲೈ ತಿಂಗಳ ಒಂದು ಬೆಳಿಗ್ಗೆ ಸರೋಜ ಹಿತ್ತಲಿನಲ್ಲಿ ಸೆರಗು ಸಿಕ್ಕಿಸಿಕೊಂಡು ಟೊಮೇಟೊ ಗಿಡಕ್ಕೂ ಮೆಂತ್ಯದ ಪಾತಿಗೂ ಪೈಪಿನಿಂದ ನೀರು ಬಿಡುತ್ತಿದ್ದಳು. ನಾನು ಅಡುಗೆಮನೆಯ ಕಿಟಕಿಯ ಬಳಿ ಕಾಫಿ ಕುಡಿಯುತ್ತಿದ್ದೆ. ಟಾಯ್ವೋನ ಗಾಡಿ ಬಂದು ನಿಂತಿತು. ಅವನು ಇಳಿದ, ಅವಳನ್ನು ನೋಡಿದ, ಆ ವಯಸ್ಸಿನಲ್ಲಿ ಹುಲ್ಲಿನ ಮೇಲೆ ಓಡಿದ. “ಮಿಸೆಸ್ ಮೂರ್ತಿ! ನೀರು! ನೀರು!” ಎಂದು ಕೂಗುತ್ತಾ ಗೋಡೆಯ ನಲ್ಲಿಯನ್ನು ತಿರುಗಿಸಿ ನಿಲ್ಲಿಸಿ, ಏದುಸಿರು ಬಿಡುತ್ತಾ ನಿಂತ. ನಾನು ಕಾಫಿ ಲೋಟ ಕೆಳಗಿಟ್ಟೆ. ಕಿಟಕಿ ತೆರೆದಿತ್ತು, ಎಲ್ಲಾ ಕೇಳುತ್ತಿತ್ತು. ವ್ರತ ಮುಗಿಯಲು ಇನ್ನೂ ಏಳು ತಿಂಗಳಿದೆ, ಈಗ ಕೆಡಿಸಿಕೊಳ್ಳಬಾರದು ಎಂದು ಅವನು ಅವಳಿಗೆ ತಿಳಿಹೇಳುತ್ತಿದ್ದ. ತಾನು ಬಂದದ್ದು ಅವಳ ಸ್ಟೂಲಿಗೆ ಅಳತೆ ತೆಗೆದುಕೊಳ್ಳಲು. ಗೂಡನ್ನು ಬಿಚ್ಚಿ ಮೂವರಿಗೆ ಆಗುವಷ್ಟು ದೊಡ್ಡದು ಕಟ್ಟುತ್ತಿದ್ದೇನೆ, ವ್ರತ ಮುಗಿಯುವ ಹೊತ್ತಿಗೆ ಸಿದ್ಧವಿರುತ್ತದೆ, ಎಂದ.

ಸರೋಜ ಕೈಯಲ್ಲಿ ತೊಟ್ಟಿಕ್ಕುವ ಪೈಪು ಹಿಡಿದು ಅಡುಗೆಮನೆಯ ಕಿಟಕಿಯ ಕಡೆ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಅವನ ಕಡೆ ತಿರುಗಿ ತನ್ನ ನಿಧಾನವಾದ ಇಂಗ್ಲಿಷಿನಲ್ಲಿ, “ಥ್ಯಾಂಕ್ ಯೂ ಟಾಯ್ವೋ. ಗಿಡಕ್ಕೆ ಹಾಕುವ ನೀರಿಗೆ ದೋಷವಿಲ್ಲ. ಇವರು ಅದನ್ನು ಹೇಳಲು ಮರೆತಿದ್ದಾರೆ,” ಎಂದಳು. ಬಾಗಿಲ ಮೆಟ್ಟಿಲ ಮೇಲೆ ಕೂತು ಅಳತೆ ಕೊಟ್ಟಳು. ಕಾಫಿ ಕೊಟ್ಟಳು.

ಗಾಡಿ ಹೋದ ಮೇಲೆ ಒಳಗೆ ಬಂದಳು. ಕೂಗಾಡುತ್ತಾಳೆಂದು ನಾನು ಸಿದ್ಧನಾಗಿದ್ದೆ. ಕೂಗಾಡಲಿಲ್ಲ.

“ನಾನು ಅಲ್ಲಿ ಕೂತಿದ್ರೆ ನಿಮಗೇನು ಕಮ್ಮಿ ಆಗ್ತಿತ್ತು?”

ಸುಳ್ಳು ಮುಗಿದುಹೋಗಿತ್ತು. ಇದ್ದದ್ದನ್ನೇ ಹೇಳಿದೆ. “ಈ ದೇಶದಲ್ಲಿ ನನಗೇ ಅಂತ ಇದ್ದೋನು ಅವನೊಬ್ಬನೇ ಕಣೇ.”

“ನನಗೆ ಎಷ್ಟು ಜನ ಇದ್ರು ಅಂದ್ಕೊಂಡಿದ್ರಿ?” ಎಂದಳು.

ಮತ್ತೆ ಹೊರಗೆ ಹೋಗಿ ನಲ್ಲಿ ತಿರುಗಿಸಿದಳು. ಅವತ್ತು ಗಿಡಗಳಿಗೆ ಬೇಕಾದ್ದಕ್ಕಿಂತ ಜಾಸ್ತಿ ನೀರು ಬಿತ್ತು.

ಮುಂದಿನ ಚಳಿಗಾಲ ಬಂತು. ಜನವರಿಯೆಲ್ಲಾ ಅವಳು ಸರೋವರದ ಕಡೆ ಬರಲಿಲ್ಲ. “ನೀವು ಸುಳ್ಳುಗಾರರು ಅಂತ ಆ ಮನುಷ್ಯನಿಗೆ ಗೊತ್ತಾಗೋದು ಬೇಡ. ವ್ರತ ಅಂದ ಮೇಲೆ ಮಾಡೇ ಮುಗಿಸ್ತೀನಿ,” ಎಂದು ಒಂದು ವರ್ಷ ತುಂಬುವವರೆಗೆ ಕಿಟಕಿಯ ಬಳಿಯೇ ಕಳೆದಳು. ಫೆಬ್ರವರಿಯಲ್ಲಿ ಮೂವರೂ ಹೋದೆವು. ಹೊಸ ಗೂಡಿನಲ್ಲಿ ಹೊಸ ಹಲಗೆಯ ವಾಸನೆ. ಮೂರು ಸ್ಟೂಲು, ನಡುವಿನದು ಸ್ವಲ್ಪ ತಗ್ಗು. ಅವಳು ಕೂತಳು, ಪಾದ ನೆಲಕ್ಕೆ ಸರಿಯಾಗಿ ತಾಗಿತು. ಟಾಯ್ವೋ ಬಾಗಿಲಲ್ಲೇ ನಿಂತು, “ವ್ರತ ಸರಿಯಾಗಿ ಮುಗಿಯಿತೇ?” ಎಂದು ಕೇಳಿದ. ನಾನು ಬಾಯಿ ತೆರೆಯುವಷ್ಟರಲ್ಲಿ ಸರೋಜ ಹೇಳಿದಳು:

“ನನ್ನದು ಮುಗಿಯಿತು. ಇವರದು ಇವತ್ತಿನಿಂದ ಶುರು.”

“ಗಂಡಸರಿಗೂ ಇದೆಯೇ?”

“ಇದೆ. ಹೆಂಡತಿಯ ವ್ರತ ಮುಗಿದ ಮೇಲೆ ಗಂಡ ಒಂದು ವರ್ಷ ದಾರ ಮುಟ್ಟುವ ಹಾಗಿಲ್ಲ. ಐಸ್ ಒಡೆಯಬಹುದು.”

ಟಾಯ್ವೋ ನನ್ನ ಮುಖ ನೋಡಿದ. ಅವನ ಮುಖದಲ್ಲಿ ನಗುವಿರಲಿಲ್ಲ; ಎಷ್ಟು ಗೊತ್ತಿತ್ತೋ ಅವನಿಗೆ, ನನಗೆ ಇವತ್ತಿಗೂ ತಿಳಿಯದು. ಮೂಲೆಯಲ್ಲಿದ್ದ ಹಾರೆಯನ್ನು ಎತ್ತಿ, ಪೂಜೆಯ ಸಾಮಾನು ಕೊಡುವಷ್ಟು ಜೋಪಾನವಾಗಿ ನನ್ನ ಎರಡೂ ಕೈಗೆ ಇಟ್ಟ.

ನಾನು ಹೊರಗೆ ಬಂದೆ. ಗಾಳಿ ಮುಖಕ್ಕೆ ಹೊಡೆಯಿತು. ಹತ್ತು ಹೆಜ್ಜೆ ದೂರದಲ್ಲಿ, ಮಧ್ಯಾಹ್ನಕ್ಕೆ ಜಾಗ ಬದಲಿಸಬೇಕಾದರೆ ಇರಲಿ ಎಂದು, ಹೊಸ ತೂತು ತೋಡಲು ನಿಂತೆ. ಒಳಗೆ ದಾರ ಇಳಿಯುತ್ತಿತ್ತು. “ಒಂದು ಮಾರು... ಎರಡು ಮಾರು...” ಸರೋಜ ಎಣಿಸುತ್ತಿದ್ದಳು, ಹಿಂದೆಯೇ ಟಾಯ್ವೋ ತನ್ನ ದಪ್ಪ ದನಿಯಲ್ಲಿ ಕನ್ನಡದಲ್ಲೇ ಎಣಿಸುತ್ತಿದ್ದ. ಏಳಕ್ಕೆ ಬಂದು ತಪ್ಪಿದ. ಇಬ್ಬರೂ ನಕ್ಕರು. ಮತ್ತೆ ಒಂದರಿಂದ ಶುರುಮಾಡಿದರು. ನನ್ನ ಒಳಗಿನ ಹೊಟ್ಟಿನ ಕಿಚ್ಚಿಗೆ ಯಾರೋ ಊದುಗೊಳವೆ ಹಿಡಿದಂತಾಯಿತು. ಹಾರೆಯನ್ನು ತಲೆಯ ಮೇಲಕ್ಕೆ ಎತ್ತಿ ಇದ್ದ ಬಲವನ್ನೆಲ್ಲ ಹಾಕಿ ಕುಕ್ಕಿದೆ. ಸರೋವರವೇ ಢಣಾರೆಂದಿತು.

“ಮೆಲ್ಲಗೆ ರೀ!” ಒಳಗಿನಿಂದ ಸರೋಜ ಕೂಗಿದಳು. “ಮೀನು ಬೆದರುತ್ತೆ!”

ಮೆಲ್ಲಗೆ ಒಡೆದೆ.